ಹ್ಯಾಂಡ್‌ಬಾಲ್ ನೋಡಲು ಪರದೇಶಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್‌ನಲ್ಲಿ ಹ್ಯಾಂಡ್‌ಬಾಲ್ ನೋಡಿ ಹುಚ್ಚು ಹಿಡಿಸಿಕೊಂಡವರು ಒಂದಲ್ಲ ಒಂದು ದಿನ ಅಲ್ಲೇ ಹೋಗಿ ನೋಡಬೇಕು ಅಂತ ಹೊರಡುತ್ತಾರೆ. ಹೋಗಿ, ಖಂಡಿತ ಹೋಗಿ. ಆದರೆ ಫುಟ್‌ಬಾಲ್ ನೋಡಿ ಬಂದ ಅನುಭವವನ್ನೇ ನಂಬಿಕೊಂಡರೆ ಎಡವುತ್ತೀರಿ. ನಾನೂ ಎಡವಿದ್ದೇನೆ. ಹ್ಯಾಂಡ್‌ಬಾಲ್‌ನಲ್ಲಿ ಟಿಕೆಟ್ ಸಾಮಾನ್ಯವಾಗಿ ಒಂದು ಪಂದ್ಯಕ್ಕಲ್ಲ, ಇಡೀ ದಿನಕ್ಕೆ. ಇದೊಂದು ತಲೆಗೆ ಹತ್ತಿದರೆ ಹೋಟೆಲ್, ರೈಲು, ಊಟ ಎಲ್ಲವನ್ನೂ ಅದರ ಸುತ್ತ ಜೋಡಿಸಿಕೊಳ್ಳಬಹುದು.

ದೊಡ್ಡ ಟೂರ್ನಿಗಳು ಯಾವಾಗ ನಡೆಯುತ್ತವೆ?

ಚಳಿಗಾಲದಲ್ಲಿ. ಪುರುಷರದ್ದು ಜನವರಿಯಲ್ಲಿ, ಮಹಿಳೆಯರದ್ದು ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ. ಬೆಸ ಸಂಖ್ಯೆಯ ವರ್ಷಗಳಲ್ಲಿ ವಿಶ್ವ ಚಾಂಪಿಯನ್‌ಶಿಪ್, ಸಮ ಸಂಖ್ಯೆಯ ವರ್ಷಗಳಲ್ಲಿ ಯೂರೋಪಿಯನ್ ಚಾಂಪಿಯನ್‌ಶಿಪ್, ಅಂದರೆ ಯೂರೋ. 2025ರ ಪುರುಷರ ವಿಶ್ವ ಚಾಂಪಿಯನ್‌ಶಿಪ್ ಕ್ರೊಯೇಷಿಯಾ, ಡೆನ್ಮಾರ್ಕ್, ನಾರ್ವೆ ಮೂರೂ ಸೇರಿ ನಡೆಸಿದವು. 2027ರದ್ದು ಜರ್ಮನಿಯಲ್ಲಿ. ಒಲಿಂಪಿಕ್ಸ್ ಮಾತ್ರ ಬೇಸಿಗೆಯಲ್ಲಿ ಬರುತ್ತದೆ, ಅದರ ಟಿಕೆಟ್ ಕಥೆಯೇ ಬೇರೆ.

ಒಂದು ಟಿಕೆಟ್‌ಗೆ ಎರಡು ಪಂದ್ಯ ನೋಡಬಹುದು ಅಂತಾರೆ, ನಿಜವಾ?

ಬಹುಪಾಲು ನಿಜ. ಗುಂಪು ಹಂತದಲ್ಲಿ ಒಂದು ಅರೇನಾದಲ್ಲಿ, ಅಂದರೆ ಒಳಾಂಗಣ ಕ್ರೀಡಾಂಗಣದಲ್ಲಿ, ಒಂದೇ ದಿನ ಎರಡು ಪಂದ್ಯ ಇರುತ್ತವೆ, ಮುಂದಿನ ಸುತ್ತಿನಲ್ಲಿ ಮೂರೂ ಇರಬಹುದು. ಯೂರೋದಲ್ಲಿ ಮಧ್ಯಾಹ್ನ 3:30, ಸಂಜೆ 6, ರಾತ್ರಿ 8:30, ಹೀಗೆ ಹೊತ್ತು ಹಂಚಿರುತ್ತಾರೆ. ದಿನದ ಟಿಕೆಟ್ ಇದ್ದರೆ ಎಲ್ಲವನ್ನೂ ಕೂತು ನೋಡಬಹುದು. ಆದರೆ ಆತಿಥೇಯ ದೇಶ ಆಡುವ ದಿನ ಕೆಲವು ಸಂಘಟಕರು ಆ ಪಂದ್ಯಕ್ಕೆ ಬೇರೆಯೇ ಟಿಕೆಟ್ ಮಾಡುತ್ತಾರೆ. ಹಾಗಾಗಿ ಕೊಳ್ಳುವಾಗ 'ದಿನದ ಟಿಕೆಟ್' ಅಂತ ಬರೆದಿದೆಯಾ ಅಂತ ಓದಿ.

ಒಂದು ಪಂದ್ಯ ಮುಗಿಯಲು ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ನಡುವೆ ಸಿಗುವ ಸುಮಾರು ಒಂದು ಗಂಟೆಯಲ್ಲಿ ಹೊರಗೆ ಹೋಗಿ ಬರೋಣ ಅನಿಸುತ್ತದೆ, ಅಲ್ವಾ? ಅನೇಕ ಅರೇನಾಗಳಲ್ಲಿ ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. ಗೇಟಿನಲ್ಲಿ ಮೊದಲೇ ಕೇಳಿಕೊಳ್ಳಿ.

ನನ್ನ ತಂಡ ಯಾವ ಊರಿನಲ್ಲಿ ಆಡುತ್ತದೆ ಎಂದು ಗೊತ್ತಾಗುವ ಮೊದಲೇ ಟಿಕೆಟ್ ಕೊಳ್ಳಬೇಕಾ?

ಎಲ್ಲರಿಗೂ ತಲೆನೋವು ತರುವುದು ಇದೇ. ಟಿಕೆಟ್ ಮಾರಾಟ ಎಷ್ಟೋ ಸಲ ಯಾವ ತಂಡ ಯಾವ ಗುಂಪಿಗೆ ಎಂಬ ಡ್ರಾ ಎತ್ತುವುದಕ್ಕೂ ಮೊದಲೇ ಶುರುವಾಗುತ್ತದೆ. ಆಗ ನೀವು ಕೊಳ್ಳುವುದು ಒಂದು ಊರು, ಒಂದು ದಿನ, ಅಷ್ಟೇ. ಆವತ್ತು ಯಾರು ಆಡುತ್ತಾರೆ ಎಂಬುದು ಆಮೇಲೆ ಗೊತ್ತಾಗುತ್ತದೆ.

ಸಮಾಧಾನದ ವಿಷಯ ಒಂದಿದೆ. ಕೆಲವು ತಂಡಗಳಿಗೆ ಸಂಘಟಕರು ಮೊದಲೇ ಊರು ಗೊತ್ತು ಮಾಡಿರುತ್ತಾರೆ. ಯಾವ ದೇಶದ ಅಭಿಮಾನಿಗಳು ಎಲ್ಲಿಗೆ ಸುಲಭವಾಗಿ ಬಂದು ಸೀಟು ತುಂಬಿಸುತ್ತಾರೆ ಎಂಬ ಲೆಕ್ಕ ಅದು. 2023ರಲ್ಲಿ ಐಸ್‌ಲ್ಯಾಂಡ್ ತಂಡ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ಆಡಿದಾಗ ಅಲ್ಲಿನ ಸ್ಟ್ಯಾಂಡ್‌ಗಳು ನೀಲಿ ಬಣ್ಣದಲ್ಲಿ ತುಂಬಿದ್ದವು. ಆತಿಥೇಯ ತಂಡ ಎಲ್ಲಿ ಆಡುತ್ತದೆ ಎಂಬುದೂ ಮೊದಲೇ ಗೊತ್ತಿರುತ್ತದೆ. ಡ್ರಾ ಮುಗಿದ ಮೇಲೆ ಬೇಡವಾದ ಟಿಕೆಟ್‌ಗಳು ಅಧಿಕೃತ ಮರುಮಾರಾಟಕ್ಕೆ ಬರುತ್ತವೆ. ಆ ವಾರ ದಿನಕ್ಕೆ ಎರಡು ಸಲ ನೋಡುತ್ತಿದ್ದರೆ ಒಳ್ಳೆಯ ಸೀಟು ಸಿಗುತ್ತದೆ.

ಮುಂದಿನ ಸುತ್ತಿನ ಲೆಕ್ಕ ಸ್ವಲ್ಪ ಗಟ್ಟಿ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 32 ತಂಡ, 4 ತಂಡಗಳ 8 ಗುಂಪು. ಪ್ರತಿ ಗುಂಪಿನಿಂದ ಮೊದಲ ಮೂರು ಮೇಲಕ್ಕೆ ಹೋಗುತ್ತವೆ. ಯಾವ ಎರಡು ಗುಂಪುಗಳು ಮುಂದೆ ಯಾವ ಊರಿನಲ್ಲಿ ಸೇರುತ್ತವೆ ಎಂಬುದನ್ನು ವೇಳಾಪಟ್ಟಿಯಲ್ಲೇ ಹಾಕಿರುತ್ತಾರೆ. ನಾಲ್ಕರಲ್ಲಿ ಮೂರು ತಂಡ ಪಾಸಾಗುವುದರಿಂದ, ನಿಮ್ಮ ತಂಡ ತೀರಾ ದುರ್ಬಲ ಅಲ್ಲದಿದ್ದರೆ, ಆ ಊರಿನ ಟಿಕೆಟ್ ಮೊದಲೇ ಕೊಳ್ಳುವುದು ಜೂಜಲ್ಲ. ಕ್ವಾರ್ಟರ್ ಫೈನಲ್‌ನಿಂದ ಮಾತ್ರ ಜೂಜೇ.

ಟಿಕೆಟ್ ಇದ್ದರೆ ವೀಸಾ ಸಿಗುತ್ತದಾ?

ಟಿಕೆಟ್ ಒಂದು ದಾಖಲೆ ಅಷ್ಟೇ. ಯಾಕೆ ಹೋಗುತ್ತಿದ್ದೀರಿ ಎಂಬುದಕ್ಕೆ ಅದು ಉತ್ತರ. ವಾಪಸ್ ಬರುತ್ತೀರಿ, ಖರ್ಚಿಗೆ ದುಡ್ಡಿದೆ ಎಂಬುದನ್ನು ಬೇರೆ ಕಾಗದಗಳೇ ಹೇಳಬೇಕು.

ದೊಡ್ಡ ಟೂರ್ನಿಗಳು ಹೆಚ್ಚಾಗಿ ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳಲ್ಲಿ, ನಡೆಯುತ್ತವೆ. ವೀಸಾ ಬೇಕಾದವರು ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತೀರಾ ತಡ ಅಂದರೂ 15 ದಿನ ಮೊದಲು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇಕೇ ಬೇಕು. ಟೂರ್ನಿ ಎರಡು ಮೂರು ದೇಶಗಳಲ್ಲಿ ಹರಡಿಕೊಂಡಿದ್ದರೆ, ಎಲ್ಲಿ ಜಾಸ್ತಿ ರಾತ್ರಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ. ಎಲ್ಲ ಕಡೆ ಸಮ ಅಂದರೆ ಮೊದಲು ಕಾಲಿಡುವ ದೇಶಕ್ಕೆ.

ಜನ ಸಿಕ್ಕಿಬೀಳುವ ಜಾಗ ಇನ್ನೊಂದಿದೆ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಒಳಗೆ ಬಂತು. ಪಕ್ಕದ ಸರ್ಬಿಯಾ, ಬೋಸ್ನಿಯಾ ಹೊರಗಿವೆ. ಹ್ಯಾಂಡ್‌ಬಾಲ್ ಹುಚ್ಚಿಗೆ ಹೆಸರಾದ ಉತ್ತರ ಮ್ಯಾಸಿಡೋನಿಯಾ ಕೂಡ ಹೊರಗೆ. ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಪಂದ್ಯ ನೋಡಿ, ಎರಡು ದಿನ ಬಿಡುವಿದೆ ಅಂತ ಬಸ್ ಹತ್ತಿ ಸರ್ಬಿಯಾದ ಬೆಲ್‌ಗ್ರೇಡ್‌ಗೆ ಹೋದರೆ ಒಂದೇ ಸಲ ಪ್ರವೇಶ ಇರುವ ವೀಸಾದಲ್ಲಿ ಮತ್ತೆ ಒಳಗೆ ಬರಲು ಆಗುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗಿದೆ. ಸಾಲು ಉದ್ದವಾಗಬಹುದು. ಪಂದ್ಯದ ದಿನವೇ ವಿಮಾನ ಇಳಿಯುವ ಸಾಹಸ ಬೇಡ.

ಅರೇನಾ ಹೊರಗೆ ನಿಂತು ಮಾರುವವರಿಂದ ಕೊಳ್ಳಬಹುದಾ?

ಬೇಡ.

ಟಿಕೆಟ್ ಫೋನಿನಲ್ಲಿದ್ದರೆ ಸಾಕಾ?

ಸಾಕು, ಫೋನ್ ಜೀವಂತ ಇದ್ದರೆ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ಸಾವಿರಾರು ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ತೆವಳುತ್ತದೆ. ಹೋಟೆಲ್‌ನಲ್ಲಿ ವೈಫೈ ಇರುವಾಗಲೇ ಟಿಕೆಟ್ ಇಳಿಸಿಕೊಳ್ಳಿ. ಜರ್ಮನಿಯ ಟಿಕೆಟ್‌ನಲ್ಲಿ 'ರೈಹೆ' ಅಂದರೆ ಸಾಲು, 'ಪ್ಲಾಟ್ಸ್' ಅಂದರೆ ಸೀಟು, 'ಐನ್‌ಗಾಂಗ್' ಅಂದರೆ ಪ್ರವೇಶ ದ್ವಾರ. ಈ ಮೂರು ಪದ ಗೊತ್ತಿದ್ದರೆ ಯಾರನ್ನೂ ಕೇಳದೆ ನಿಮ್ಮ ಜಾಗ ಸೇರುತ್ತೀರಿ.

ಎಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ?

ಅಂಗಳ 40 ಮೀಟರ್ ಉದ್ದ, 20 ಮೀಟರ್ ಅಗಲ. ಫುಟ್‌ಬಾಲ್ ಮೈದಾನಕ್ಕೆ ಹೋಲಿಸಿದರೆ ಅಂಗೈ ಅಗಲ. ಹಾಗಾಗಿ ಮೇಲಿನ ಸಾಲಿನ ಅಗ್ಗದ ಸೀಟೂ ಮೋಸವಲ್ಲ. ನನ್ನ ಆಯ್ಕೆ ಉದ್ದದ ಬದಿ, ಸ್ವಲ್ಪ ಎತ್ತರ. ದಾಳಿ ಮಾಡುವವರು ಅರ್ಧಚಂದ್ರದಂತೆ ನಿಂತು ಚೆಂಡು ದಾಟಿಸುವುದು, ಎದುರಾಳಿ ರಕ್ಷಕರ ಗೋಡೆಯಲ್ಲಿ ಎಲ್ಲಿ ಸಂದು ಬಿಡುತ್ತದೆ ಎಂಬುದು ಮೇಲಿನಿಂದಲೇ ಕಾಣಬೇಕು. ಕೆಳಗಿನ ಸಾಲಿನಲ್ಲಿ ಬೆನ್ನುಗಳೇ ಕಾಣುತ್ತವೆ.

ಒಂದು ದಿನವಾದರೂ ಗೋಲಿನ ಹಿಂದೆ ಕೂತು ನೋಡಿ. ಗೋಲ್‌ಕೀಪರ್ ಕಣ್ಣಿನಿಂದ ನೋಡಿದ ಹಾಗೆ. 3 ಮೀಟರ್ ಅಗಲ, 2 ಮೀಟರ್ ಎತ್ತರದ ಗೋಲು, ಎದುರಿಗೆ ಆರೇಳು ಮೀಟರ್ ದೂರದಿಂದ ಗಂಟೆಗೆ 100 ಕಿ.ಮೀ. ದಾಟಿ ಬರುವ ಚೆಂಡು. ಮೂಲೆಯಿಂದ ಹಾರುವ ವಿಂಗ್ ಆಟಗಾರ ಗಾಳಿಯಲ್ಲಿ ತೇಲುತ್ತಾ ಕಾಯುತ್ತಾನೆ. ಕೀಪರ್ ಮೊದಲು ಅಲುಗಾಡಲಿ ಅಂತ. ಕೀಪರ್ ಕಾಲೆತ್ತಿದ ಕ್ಷಣ ಚೆಂಡು ಕಂಕುಳ ಸಂದಿಯಲ್ಲಿ ನುಸುಳಿರುತ್ತದೆ. ಟಿವಿಯಲ್ಲಿ ಈ ಕಾಯುವಿಕೆ ಕಾಣುವುದಿಲ್ಲ.

ಬ್ಯಾಗ್ ಒಯ್ಯಬಹುದಾ?

ದೊಡ್ಡ ಅರೇನಾಗಳಲ್ಲಿ ಎ4 ಕಾಗದದ ಅಳತೆ ಮೀರಿದ ಬ್ಯಾಗ್ ಬಿಡುವುದಿಲ್ಲ ಎನ್ನುವುದು ಈಗ ಮಾಮೂಲಿ ನಿಯಮ. ನೀರಿನ ಬಾಟಲಿ, ಉದ್ದ ಲೆನ್ಸಿನ ಕ್ಯಾಮೆರಾ ಕೂಡ ಬೇಡ ಅನ್ನುತ್ತಾರೆ.

ನಾನು ಒಮ್ಮೆ ರೈಲಿಳಿದು ಸೀದಾ ಬೆನ್ನುಚೀಲದ ಜೊತೆಗೇ ಹೋದೆ. ಗೇಟಿನಲ್ಲಿದ್ದಾತ ಒಂದು ಮರದ ಚೌಕಟ್ಟು ಎತ್ತಿ ತೋರಿಸಿದ. ಅದರೊಳಗೆ ತೂರಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಸ್ವೆಟರ್ ತೆಗೆದು ಹಾಕಿಕೊಂಡೆ, ಚೀಲ ಹಿಂಡಿದೆ, ಊಹೂಂ, ತೂರಲಿಲ್ಲ. ಬ್ಯಾಗ್ ಇಡುವ ಡಬ್ಬ ಕಟ್ಟಡದ ಆ ಕಡೆ, ಮುಂದೆ ನಲವತ್ತು ಜನ. ಒಳಗೆ ಹೋದಾಗ ಗಡಿಯಾರ 12 ನಿಮಿಷ ತೋರಿಸುತ್ತಿತ್ತು, ಒಂಬತ್ತು ಗೋಲು ಆಗಿಹೋಗಿದ್ದವು. ಫುಟ್‌ಬಾಲ್‌ನಲ್ಲಿ 12 ನಿಮಿಷ ತಡವಾದರೆ ಸುಮ್ನೆ ಬಿಡಬಹುದು, ಇಲ್ಲಿ ಹೊಟ್ಟೆ ಉರಿಯುತ್ತದೆ.

ಏನು ಹಾಕಿಕೊಳ್ಳಲಿ?

ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ. ಹೊರಗೆ ಹಿಮ, ಒಳಗೆ ಸೆಕೆ. ದಪ್ಪ ಕೋಟನ್ನು ಮೂರು ಗಂಟೆ ತೊಡೆ ಮೇಲೆ ಇಟ್ಟುಕೊಂಡು ಕೂರುವುದು ಶಿಕ್ಷೆ. ಕೋಟು ಇಡುವ ಕೌಂಟರ್ ಇರುತ್ತದೆ, ಸ್ವಲ್ಪ ದುಡ್ಡು ತೆಗೆದುಕೊಳ್ಳುತ್ತಾರೆ. ಆಟ ಮುಗಿಯುವ ಹೊತ್ತಿಗೆ ಅಲ್ಲಿ ಸಾಲು ಉದ್ದ. ಕೊನೆ ರೈಲು ಹಿಡಿಯುವವರು ಕೋಟು ಕೊಡಬೇಡಿ.

ನನಗೆ ನಿಯಮಗಳೇ ಸರಿಯಾಗಿ ಗೊತ್ತಿಲ್ಲ. ಅರ್ಥವಾಗುತ್ತದಾ?

ಹತ್ತು ನಿಮಿಷ ನೋಡಿದರೆ ಅರ್ಧ ಅರ್ಥವಾಗುತ್ತದೆ. ಕೀಪರ್ ಸೇರಿ ಏಳು ಜನ. 30 ನಿಮಿಷದ ಎರಡು ಭಾಗ. ಚೆಂಡು ಹಿಡಿದು ಮೂರು ಹೆಜ್ಜೆ ಇಡಬಹುದು, ಮೂರು ಸೆಕೆಂಡ್ ಇಟ್ಟುಕೊಳ್ಳಬಹುದು. ಗೋಲಿನ ಮುಂದಿನ 6 ಮೀಟರ್ ಗೆರೆಯೊಳಗೆ ನೆಲ ಮುಟ್ಟುವ ಹಕ್ಕು ಕೀಪರ್‌ಗೆ ಮಾತ್ರ. ಅದಕ್ಕೇ ಉಳಿದವರು ಗೆರೆಯ ಹೊರಗಿನಿಂದ ಹಾರಿ, ಕಾಲು ನೆಲಕ್ಕೆ ತಾಗುವ ಮೊದಲು ಎಸೆಯುತ್ತಾರೆ. ಬದಲಿ ಆಟಗಾರರು ಯಾರನ್ನೂ ಕೇಳದೆ ಬರುತ್ತಾ ಹೋಗುತ್ತಾ ಇರುತ್ತಾರೆ. ಕೆಲವು ತಂಡಗಳಲ್ಲಿ ದಾಳಿಗೊಬ್ಬ, ರಕ್ಷಣೆಗೊಬ್ಬ.

ರೆಫ್ರಿ ಎರಡು ಬೆರಳು ಎತ್ತಿದರೆ ಆಟಗಾರ 2 ನಿಮಿಷ ಹೊರಗೆ, ತಂಡಕ್ಕೆ ಒಬ್ಬ ಕಡಿಮೆ. ಒಬ್ಬನಿಗೇ ಮೂರು ಸಲ ಹಾಗಾದರೆ ಕೆಂಪು ಕಾರ್ಡು. ನೀಲಿ ಕಾರ್ಡೂ ಇದೆ. ಕೆಂಪಿನ ಜೊತೆಗೆ ಅದನ್ನೂ ತೋರಿಸಿದರೆ ಲಿಖಿತ ವರದಿ ಹೋಗುತ್ತದೆ, ಮುಂದಿನ ಪಂದ್ಯಕ್ಕೂ ಕುತ್ತು ಬರಬಹುದು.

ಇಷ್ಟೆಲ್ಲ ತಳ್ಳಾಟ ನೋಡಿ 'ಇದು ಫೌಲ್ ಅಲ್ವಾ?' ಅಂತ ಮೊದಲ ಸಲ ಬಂದವರು ಕೇಳುತ್ತಾರೆ. ಎದುರಿನಿಂದ ಎದೆ ಕೊಟ್ಟು ತಡೆಯುವುದು ಸರಿ. ಪಕ್ಕದಿಂದಲೋ ಹಿಂದಿನಿಂದಲೋ ಎಳೆದರೆ, ಕುತ್ತಿಗೆಗೆ ಕೈ ಹಾಕಿದರೆ ತಪ್ಪು.

ರೆಫ್ರಿ ಸುಮ್ಮನೆ ಕೈ ಎತ್ತಿ ನಿಂತಾಗ ಜನ ಯಾಕೆ ಅಷ್ಟು ಕೂಗುತ್ತಾರೆ?

ನನ್ನ ಪ್ರಕಾರ ಅರೇನಾದಲ್ಲಿ ಕೂತು ನೋಡುವುದರ ಮಜಾ ಇರುವುದೇ ಇಲ್ಲಿ. ಗೋಲಿಗೆ ಹೋಗುವ ಮನಸ್ಸಿಲ್ಲದೆ ಚೆಂಡನ್ನು ಅತ್ತಿತ್ತ ಆಡಿಸುತ್ತಾ ಕಾಲ ಕಳೆಯುವುದು ತಪ್ಪು. ಹಾಗೆ ಅನಿಸಿದಾಗ ರೆಫ್ರಿ ಕೈ ಎತ್ತುತ್ತಾರೆ. ಅದು ಎಚ್ಚರಿಕೆ. ಅಲ್ಲಿಂದ ನಾಲ್ಕು ಪಾಸ್ ಮಾತ್ರ, ಅಷ್ಟರೊಳಗೆ ಎಸೆಯಬೇಕು. 2022ಕ್ಕೆ ಮೊದಲು ಆರು ಇತ್ತು.

ಕೈ ಮೇಲೆ ಹೋಗುತ್ತಿದ್ದ ಹಾಗೆ ರಕ್ಷಣೆ ಮಾಡುತ್ತಿರುವ ತಂಡದ ಅಭಿಮಾನಿಗಳು ಎದ್ದು ನಿಲ್ಲುತ್ತಾರೆ. ಒಂದು ಪಾಸ್. ಸದ್ದು ಏರುತ್ತದೆ. ಎರಡು, ಮೂರು. ಕೈಯಲ್ಲಿರುವ ಮಡಚಿದ ದಪ್ಪ ಕಾಗದವನ್ನು ತೊಡೆಗೆ ಬಡಿಯುವ ಸದ್ದು, ಡ್ರಮ್ಮು, ಸಿಳ್ಳೆ ಎಲ್ಲ ಸೇರಿ ಪಕ್ಕದವರ ಮಾತೂ ಕೇಳುವುದಿಲ್ಲ. ನಾಲ್ಕನೆಯ ಪಾಸ್ ಹಿಡಿದವನಿಗೆ ದಾರಿಯೇ ಇಲ್ಲ, ಮೂರು ಜನರ ಕೈಗಳ ಮೇಲಿನಿಂದ ಎಸೆಯುತ್ತಾನೆ. ಕೀಪರ್ ತಡೆದರೆ ಛಾವಣಿ ಕಿತ್ತು ಹೋಗುವಂತೆ ಕೂಗು. ಆ ಕಾಗದವನ್ನು ಅನೇಕ ಕಡೆ ಸೀಟಿನ ಮೇಲೆ ಇಟ್ಟಿರುತ್ತಾರೆ, ಪುಕ್ಕಟೆ. ಎಸೆಯಬೇಡಿ, ಮನೆಗೆ ತನ್ನಿ.

ಗೋಲ್‌ಕೀಪರ್ ಇದ್ದಕ್ಕಿದ್ದಂತೆ ಬೆಂಚಿಗೆ ಓಡುತ್ತಾನಲ್ಲ?

ಅವನ ಬದಲು ಏಳನೆಯ ದಾಳಿಗಾರ ಬರುತ್ತಾನೆ. 2016ರಿಂದ ಇದಕ್ಕೆ ಕೀಪರ್ ಬಣ್ಣದ ಅಂಗಿಯೂ ಬೇಕಿಲ್ಲ. ಚೆಂಡು ಕೈತಪ್ಪಿದರೆ ಎದುರಾಳಿ ತನ್ನ ಗೋಲಿನ ಬಳಿಯಿಂದಲೇ ಖಾಲಿ ಗೋಲಿಗೆ ಎಸೆದುಬಿಡುತ್ತಾನೆ. ಚೆಂಡು ಉರುಳುತ್ತಾ ಹೋಗುವಷ್ಟು ಹೊತ್ತು ಇಡೀ ಅರೇನಾ ಉಸಿರು ಹಿಡಿದಿರುತ್ತದೆ.

ಆಟ ನಿಲ್ಲಿಸಿ ಮಕ್ಕಳು ನೆಲ ಒರೆಸುವುದನ್ನೂ ಗಮನಿಸಿ. ಬಿದ್ದ ಆಟಗಾರನ ಬೆವರು ಅದು. ಒರೆಸದಿದ್ದರೆ ಮುಂದಿನವನ ಮಂಡಿ ಹೋಗುತ್ತದೆ. ಆಟಗಾರರು ಶೂ ಮುಟ್ಟಿಕೊಳ್ಳುತ್ತಿರುವುದು ಅಂಟಿಗಾಗಿ. ಚೆಂಡು ಹಿಡಿತಕ್ಕೆ ಸಿಗಲು ಬೆರಳಿಗೆ ಬಳಿಯುವ ರಾಳವನ್ನು ಶೂ ಮೇಲೆ ಮೆತ್ತಿಟ್ಟುಕೊಂಡಿರುತ್ತಾರೆ.

ಎದುರಾಳಿ ಅಭಿಮಾನಿಗಳ ನಡುವೆ ಸೀಟು ಸಿಕ್ಕರೆ ಭಯ ಇದೆಯಾ?

ರಾಷ್ಟ್ರೀಯ ತಂಡಗಳ ಪಂದ್ಯದಲ್ಲಿ ಎಲ್ಲರೂ ಬೆರೆತು ಕೂರುವುದೇ ಜಾಸ್ತಿ. ಪಕ್ಕದಲ್ಲಿ ಕೊಂಬಿನ ಟೋಪಿ ಹಾಕಿದ ಡೆನ್ಮಾರ್ಕಿನ ಅಜ್ಜ, ಆ ಕಡೆ ಚೌಕಳಿ ಅಂಗಿಯ ಕ್ರೊಯೇಷಿಯಾದವರು. ಎರಡು ಪಂದ್ಯದ ದಿನದ ಇನ್ನೊಂದು ಗುಣ ಇದು: ಮೊದಲ ಪಂದ್ಯದಲ್ಲಿ ತಮ್ಮ ತಂಡ ಆಡದವರು ಚಿಕ್ಕ ತಂಡವನ್ನು ದತ್ತು ತೆಗೆದುಕೊಳ್ಳುತ್ತಾರೆ. 2024ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ಫೆರೋ ದ್ವೀಪಗಳ ತಂಡ ನಾರ್ವೆ ಎದುರು 26-26 ಸಮ ಮಾಡಿಕೊಂಡಿತು. ಐವತ್ತು ಸಾವಿರ ಚಿಲ್ಲರೆ ಜನರಿರುವ ಆ ನಾಡಿನಿಂದ ಸಾವಿರಾರು ಜನ ಬಂದಿದ್ದರು. ಅದೇ ಟೂರ್ನಿಯ ಮೊದಲ ದಿನ ಡಸೆಲ್‌ಡಾರ್ಫ್‌ನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 53,586 ಜನ ಸೇರಿದ್ದರು, ಅದು ಹ್ಯಾಂಡ್‌ಬಾಲ್‌ನ ದಾಖಲೆ.

ಕ್ಲಬ್ ಪಂದ್ಯಗಳಲ್ಲಿ ಮಾತ್ರ ಸ್ವಲ್ಪ ನೋಡಿಕೊಳ್ಳಿ. ಗೋಲಿನ ಹಿಂದೆ ನಿಂತು ಹಾಡುವವರ ಬ್ಲಾಕಿನಲ್ಲಿ ಎದುರಾಳಿ ಬಣ್ಣದ ಶಾಲು ಹೊದ್ದು ಹೋಗಬೇಡಿ.

ಸಮವಾದರೆ ಏನು? ಕೊನೆ ರೈಲು ತಪ್ಪುತ್ತದಾ?

ಗುಂಪು ಹಂತದಲ್ಲಿ ಸಮ ಅಂದರೆ ಸಮ, ಎರಡೂ ತಂಡಕ್ಕೆ ಒಂದೊಂದು ಅಂಕ, ಎಲ್ಲರೂ ಮನೆಗೆ. ನಾಕೌಟ್‌ನಲ್ಲಿ 5 ನಿಮಿಷದ ಎರಡು ಭಾಗ ಹೆಚ್ಚುವರಿ ಆಟ. ಆಮೇಲೂ ಬಗೆಹರಿಯದಿದ್ದರೆ ಮತ್ತೊಂದು ಸುತ್ತು ಹೆಚ್ಚುವರಿ ಆಟವೋ ನೇರವಾಗಿ 7 ಮೀಟರ್ ಎಸೆತಗಳೋ (ಫುಟ್‌ಬಾಲ್‌ನ ಪೆನಾಲ್ಟಿ ಥರ) ಎನ್ನುವುದು ಆ ಟೂರ್ನಿಯ ನಿಯಮದ ಮೇಲೆ. 8:30ರ ಪಂದ್ಯ ಮಾಮೂಲಿಯಾಗಿ ಹತ್ತಕ್ಕೆ ಮುಗಿಯುತ್ತದೆ, ಹೆಚ್ಚುವರಿ ಆಟ ಬಂದರೆ ಹತ್ತೂವರೆ ದಾಟುತ್ತದೆ. ನಾಕೌಟ್ ದಿನ ಅದೇ ಊರಿನಲ್ಲಿ ಉಳಿದುಕೊಳ್ಳುವುದು ಕ್ಷೇಮ. ಇಲ್ಲದಿದ್ದರೆ ಸಮಬಲದ ಕೊನೆ ನಿಮಿಷದಲ್ಲಿ ನಿಮ್ಮ ಕಣ್ಣು ಅಂಗಳದ ಮೇಲಿರದೆ ಕೈಗಡಿಯಾರದ ಮೇಲಿರುತ್ತದೆ.

ಜರ್ಮನಿಯಲ್ಲಿ ಕೆಲವು ಪಂದ್ಯಗಳ ಟಿಕೆಟ್ಟೇ ಆವತ್ತಿನ ಸ್ಥಳೀಯ ಬಸ್ಸು, ಟ್ರಾಮ್‌ಗೂ ನಡೆಯುತ್ತದೆ. ಹಾಗಿದ್ದರೆ ಟಿಕೆಟ್ ಮೇಲೇ ಬರೆದಿರುತ್ತಾರೆ.

ಹೋಟೆಲ್ ಬಗ್ಗೆ ಏನಾದರೂ?

ಕಲೋನ್, ಜಾಗ್ರೆಬ್, ಬುಡಾಪೆಸ್ಟ್‌ನಂಥ ದೊಡ್ಡ ಊರಿನಲ್ಲಿ ಚಿಂತೆಯಿಲ್ಲ. ಜನವರಿಯಲ್ಲಿ ಪ್ರವಾಸಿಗಳೂ ಕಡಿಮೆ. ಕಷ್ಟ ಇರುವುದು ಚಿಕ್ಕ ಊರಿನ ದೊಡ್ಡ ಅರೇನಾಗಳಲ್ಲಿ. ಡೆನ್ಮಾರ್ಕಿನ ಹೆರ್ನಿಂಗ್ ಒಳ್ಳೆಯ ಉದಾಹರಣೆ. ಐವತ್ತು ಸಾವಿರ ಜನರ ಊರು, ಅಂಚಿನಲ್ಲಿ ಸಾವಿರಾರು ಜನ ಹಿಡಿಸುವ ಅರೇನಾ. ಡೆನ್ಮಾರ್ಕ್ ಆಡುವ ದಿನ ಅಲ್ಲಿ ರೂಮು ಹುಡುಕುವುದು ಬೇಡ. ಸಿಲ್ಕೆಬೋರ್ಗ್‌ನಲ್ಲೋ ಆರ್ಹೂಸ್‌ನಲ್ಲೋ ಉಳಿದು ರೈಲಿನಲ್ಲಿ ಬನ್ನಿ. ವಾಪಸ್ ರೈಲು ಯಾವಾಗ ಎಂಬುದನ್ನು ರೂಮು ಕಾದಿರಿಸುವ ಮೊದಲೇ ನೋಡಿ.

ನಗದು ಬೇಕಾ?

ಕಾರ್ಡ್ ಸಾಕು. ಡೆನ್ಮಾರ್ಕ್, ಸ್ವೀಡನ್, ನಾರ್ವೆಯಲ್ಲಿ ನೋಟು ಕೊಟ್ಟರೆ ವಿಚಿತ್ರವಾಗಿ ನೋಡುತ್ತಾರೆ. ಮೂರರಲ್ಲೂ ಕ್ರೋನ್ ಎಂಬಂಥ ಹೆಸರೇ ಇದ್ದರೂ ಮೂರೂ ಬೇರೆ ಬೇರೆ ದುಡ್ಡು. ಹಂಗೇರಿಯಲ್ಲಿ ಫೋರಿಂಟ್. ಜರ್ಮನಿಯಲ್ಲಿ ಪಾನೀಯದ ಲೋಟಕ್ಕೆ ಠೇವಣಿ ಹಿಡಿಯುತ್ತಾರೆ. ಲೋಟ ವಾಪಸ್ ಕೊಟ್ಟರೆ ಅದು ವಾಪಸ್.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ. ಕುಟುಂಬಗಳೇ ಜಾಸ್ತಿ ಬರುತ್ತವೆ. ಚಿಕ್ಕವರಿಗೆ ಕಿವಿಗೆ ಹಾಕುವ ಹೆಡ್‌ಫೋನ್‌ನಂಥ ಸದ್ದು ತಡೆ ಕೊಳ್ಳಿ, ಇದು ಸುಮ್ನೆ ಹೇಳುತ್ತಿಲ್ಲ. ಒಳಾಂಗಣದಲ್ಲಿ ಡ್ರಮ್ಮಿನ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ.

ಚಾಂಪಿಯನ್‌ಶಿಪ್ ಟಿಕೆಟ್ ಸಿಗಲಿಲ್ಲ. ಬೇರೆ ದಾರಿ?

ಮಹಿಳೆಯರ ಟೂರ್ನಿ ನೋಡಿ. ಟಿಕೆಟ್ ಸಿಗುವುದು ಸುಲಭ, ಆಟ ಒಂದು ಚೂರೂ ಕಡಿಮೆಯಿಲ್ಲ. ನಾರ್ವೆಯವರು ಚೆಂಡು ಕಸಿದು ಎದುರು ಗೋಲಿಗೆ ಓಡುವ ವೇಗ ನೋಡಲಿಕ್ಕಾದರೂ ಹೋಗಬೇಕು.

ಇನ್ನೊಂದು ದಾರಿ ಕ್ಲಬ್ ಆಟ. ಪುರುಷರ ಚಾಂಪಿಯನ್ಸ್ ಲೀಗ್‌ನ ಕೊನೆಯ ನಾಲ್ಕು ತಂಡಗಳು 2010ರಿಂದ ಕಲೋನ್‌ನಲ್ಲಿ ಸೇರುತ್ತವೆ. ಈಗ ಅದು ಜೂನ್‌ನಲ್ಲಿ. ಶನಿವಾರ ಎರಡು ಸೆಮಿಫೈನಲ್, ಭಾನುವಾರ ಮೂರನೆಯ ಸ್ಥಾನದ ಪಂದ್ಯ ಮತ್ತು ಫೈನಲ್. ಅದರ ಟಿಕೆಟ್ ಬೇಗ ಖಾಲಿಯಾಗುತ್ತದೆ. ಮಹಿಳೆಯರದ್ದು ಬುಡಾಪೆಸ್ಟ್‌ನಲ್ಲಿ. ಅದೂ ಬೇಡ ಅಂದರೆ ಜರ್ಮನಿಯ ಬುಂಡೆಸ್‌ಲೀಗ ಇದೆ. ರಾಷ್ಟ್ರೀಯ ತಂಡದ ಆಟಗಾರರೇ ಅಲ್ಲಿ ವಾರವಾರ ಆಡುತ್ತಾರೆ. ಪುರುಷರ ಟೂರ್ನಿ ನಡೆಯುವ ಜನವರಿಯಲ್ಲಿ ಮಾತ್ರ ಲೀಗ್‌ಗೆ ಬಿಡುವು, ಆಗ ಹೋಗಿ ಬಾಗಿಲು ತಟ್ಟಬೇಡಿ.

ಆಟಗಾರರ ಸಹಿ ಸಿಗುತ್ತದಾ?

ಫುಟ್‌ಬಾಲ್‌ಗಿಂತ ಎಷ್ಟೋ ಸುಲಭ. ಆಟ ಮುಗಿದ ಮೇಲೆ ಆಟಗಾರರು ಸ್ಟ್ಯಾಂಡ್ ಬಳಿ ಬಂದು ಕೈ ಕುಲುಕುತ್ತಾ ಒಂದು ಸುತ್ತು ಹಾಕುವುದುಂಟು. ಕೆಳಗಿನ ಸಾಲಿಗೆ ಇಳಿದು ನಿಲ್ಲಿ, ಪೆನ್ನು ಜೇಬಿನಲ್ಲಿರಲಿ. ಕೈ ಕುಲುಕಿದರೆ ನಿಮ್ಮ ಬೆರಳಿಗೂ ಆ ರಾಳ ಅಂಟಿಕೊಳ್ಳುತ್ತದೆ. ಬರೀ ನೀರಿಗೆ ಹೋಗುವುದಿಲ್ಲ. ಅಡುಗೆ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು ಹಾಕಿ.